ಹನ್ನೊಂದು ಲೀಟರು

ಗಾಡಿ ಎಷ್ಟು ಕೊಡುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಗಾಡಿ ಕೊಡುವುದಿಲ್ಲ ಸ್ವಾಮಿ, ನೀವು ಕಳೆಯುತ್ತೀರಿ. ಅರವತ್ತರ ಮೇಲೆ ಓಡಿಸಿ ಕಳೆಯುತ್ತೀರಿ, ಚಕ್ರಕ್ಕೆ ಗಾಳಿ ಹೊಡೆಸದೆ ಕಳೆಯುತ್ತೀರಿ, ಒಣಗಿದ ಚೈನಿಗೆ ಎರಡು ಹನಿ ಎಣ್ಣೆ ಬಿಡಲು ಸೋಮಾರಿತನ ಮಾಡಿ ಕಳೆಯುತ್ತೀರಿ. ಇಪ್ಪತ್ತೇಳು ವರ್ಷ ಇದನ್ನೇ ಹೇಳಿಕೊಂಡು ಬಂದೆ. ನನ್ನ ಹೆಸರು ಪಾಲಾಕ್ಷ, ದೂರದ ಗಾಡಿಗಳ ಮೆಕ್ಯಾನಿಕ್. ಊರಿನಿಂದ ಹೊರಗೆ ಹೋಗುವ ಮೋಟಾರ್‌ಸೈಕಲ್ ಯಾವುದೇ ಇರಲಿ, ಮೊದಲು ನನ್ನ ಶೆಡ್ಡಿಗೆ ಬಂದು, ನನ್ನ ಬೈಗುಳ ತಿಂದು, ಆಮೇಲೆ ಹೋಗಬೇಕಿತ್ತು.

ನಮ್ಮೂರಲ್ಲಿ ಗಾಳಿ ಯಾವಾಗಲೂ ಎದುರಿನಿಂದ ಬರುತ್ತದೆ. ಪೂರ್ವಕ್ಕೆ ಹೋದರೆ ಪೂರ್ವದಿಂದ, ಪಶ್ಚಿಮಕ್ಕೆ ಹೋದರೆ ಪಶ್ಚಿಮದಿಂದ. ಒಂದೇ ಬೀದಿಯಲ್ಲಿ ಎದುರುಬದುರು ಬರುವ ಇಬ್ಬರಿಗೂ ಮುಖಕ್ಕೇ ಹೊಡೆಯುತ್ತದೆ. ನಿಂತವರಿಗೆ ಏನೂ ಇಲ್ಲ. ರಾಗಿ ತೂರುವ ಹೆಂಗಸರು ಮೊರ ಹಿಡಿದು ಕಣದಲ್ಲಿ ಅತ್ತಿಂದಿತ್ತ ನಡೆಯುತ್ತಾರೆ. ಆರತಿ ಹಿಡಿದವರು ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತಾರೆ, ದೀಪ ಆರದಿರಲಿ ಎಂದು. ದಾರಿಯಲ್ಲಿ ಮಾತಾಡಬೇಕಾದರೆ ನಿಲ್ಲಲೇಬೇಕು, ನಡೆಯುತ್ತ ಆಡಿದ ಮಾತು ವಾಪಸ್ ಬಾಯಿಗೇ ಬರುತ್ತದೆ. ಅದಕ್ಕೇ ನಮ್ಮೂರವರು ಒಂದೋ ನಿಂತು ಪೂರ್ತಿ ಮಾತಾಡುತ್ತಾರೆ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಹೋಗುತ್ತಾರೆ. ನಾನು ಎರಡನೆಯ ಜಾತಿ.

ಈ ಗಾಳಿ ದಾರಿ ಬಿಡುವುದು ಊರು ಬಿಟ್ಟು ಹೋಗಿ ಮತ್ತೆ ಬಾರದವರಿಗೆ ಮಾತ್ರ. ಹೆಣ ಹೊತ್ತು ನಡೆಯುವಾಗ ಒಂದು ಎಲೆಯೂ ಅಲುಗುವುದಿಲ್ಲ. ಬೇರೆ ಊರಿಗೆ ಮದುವೆಯಾಗಿ ಹೋಗುವ ಹುಡುಗಿ ಹತ್ತಿದ ಬಸ್ಸಿಗೂ ಅಷ್ಟೇ. ಅವಳು ತವರಿಗೆ ಬಂದರೂ ನೆಂಟಳಾಗಿ ಬರುತ್ತಾಳೆ, ಅದು ವಾಪಸ್ ಬಂದ ಹಾಗಲ್ಲ ಎಂದು ಗಾಳಿಗೂ ಗೊತ್ತು. ಬಾರದವರು ಒಬ್ಬರಿದ್ದರೆ ಸಾಕು, ಜೊತೆಗಿದ್ದವರಿಗೆಲ್ಲ ದಾರಿ ಸಲೀಸು. ಮುಂದಿನ ಊರು ಮುನ್ನೂರ ಎಂಬತ್ತು ಕಿಲೋಮೀಟರು. ನಡುವೆ ಪೆಟ್ರೋಲ್ ಬಂಕ್ ಇಲ್ಲ, ಬಾವಿ ಇಲ್ಲ, ನೆರಳಿಗೆ ಒಂದು ಮರ ಇಲ್ಲ. ಬಸ್ಸಿನ ಮಾಲೀಕ ರುದ್ರೇಶಿ ಮದುವೆ ಇದ್ದ ದಿನ ಮಾತ್ರ ಬಸ್ಸು ಬಿಡುತ್ತಾನೆ, ಡೀಸೆಲ್ ಅರ್ಧಕ್ಕರ್ಧ ಉಳಿಯುತ್ತದೆ. ಮದುಮಗಳಿಗೆ ಮುಂದಿನ ಸೀಟು, ಟಿಕೆಟ್ ಇಲ್ಲ. ಹಲ್ಲು ಕೀಳಿಸಲು, ಕೋರ್ಟಿನ ಕೆಲಸಕ್ಕೆ ಹೋಗಬೇಕಾದವರು ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದಾರೆ ಎಂದು ವಿಚಾರಿಸುತ್ತಾ ಕಾಯುತ್ತಾರೆ.

ಕಾಯಲಾಗದವರಿಗೆ ದೂರದ ಗಾಡಿ. ಪೆಟ್ರೋಲಿನ ಟ್ಯಾಂಕರ್ ತಿಂಗಳಿಗೊಮ್ಮೆ ಬರುವುದರಿಂದ ಬಂಕಿನಲ್ಲಿ ಕೇಳಿದಷ್ಟು ಹಾಕುತ್ತಿರಲಿಲ್ಲ, ನಾನು ಚೀಟಿಯಲ್ಲಿ ಬರೆದಷ್ಟೇ. ನಾನು ಬರೆಯುತ್ತಿದ್ದದ್ದು ಬಾಟಲಿ ಹೇಳಿದಷ್ಟು. ಹೊರಡುವ ಹಿಂದಿನ ದಿನ ಸಾಮಾನೆಲ್ಲ ಕಟ್ಟಿ, ನಿಜವಾಗಿ ಹೊರಟ ಹಾಗೆಯೇ ಹೊರಡಬೇಕಿತ್ತು. ಟ್ಯಾಂಕಿನ ನಲ್ಲಿ ಬಂದ್ ಮಾಡಿ, ನೂರು ಮಿಲಿ ಬಾಟಲಿಯಿಂದ ಕಾರ್ಬ್ಯುರೇಟರಿಗೆ ಪೈಪು ಕೊಟ್ಟು, ಬಾಟಲಿಯನ್ನು ಎತ್ತಿ ಹಿಡಿದುಕೊಂಡು ನಾನು ಹಿಂದೆ ಕೂರುತ್ತಿದ್ದೆ. ರಸ್ತೆಯ ಪಕ್ಕ ನೂರು ಮೀಟರಿಗೊಂದು ಸುಣ್ಣದ ಕಲ್ಲು ನೆಟ್ಟಿದ್ದೆ. ಗಾಡಿ ಕೆಮ್ಮಿ ನಿಂತ ಕಡೆ ಎಷ್ಟನೆಯ ಕಲ್ಲು ಎಂದು ನೋಡಿ, ನನ್ನ ತೂಕಕ್ಕೆ ಎರಡು ಕಲ್ಲು ಸೇರಿಸುತ್ತಿದ್ದೆ. ಹಾಗೆ ಸೇರಿಸಿದ ಮೇಲೆ ನಾನು ಆ ಗಾಡಿಯ ಮೇಲೆ ಇರಲೇ ಇಲ್ಲ ಎಂದೇ ಲೆಕ್ಕ. ಚೆನ್ನಾಗಿಟ್ಟ ಗಾಡಿಗೆ ಎದುರುಗಾಳಿಯಲ್ಲಿ ಇಪ್ಪತ್ತು ಕಲ್ಲು ಬರುತ್ತದೆ, ಎಂದರೆ ಲೀಟರಿಗೆ ಇಪ್ಪತ್ತು ಕಿಲೋಮೀಟರು. ಆ ಊರು ಮುಟ್ಟಲು ಹತ್ತೊಂಬತ್ತು ಲೀಟರು, ಮೇಲೆ ಒಂದು. ನಲವತ್ತು ಕಲ್ಲು ಬಂತೋ, ಹತ್ತು ಲೀಟರು, ಮೇಲೆ ಒಂದು. ಹನ್ನೊಂದು ಲೀಟರಿನ ಚೀಟಿ ಕಂಡರೆ ಬಂಕಿನವನು ಏನೂ ಕೇಳುತ್ತಿರಲಿಲ್ಲ. ಹೋಗುವವರ ಕೈ ಹಿಡಿದು ಎರಡು ನಿಮಿಷ ನಿಲ್ಲುತ್ತಿದ್ದ. ಮನೆಯವರು ಕೆಂಪು ಬಟ್ಟೆಯಲ್ಲಿ ಬುತ್ತಿ ಕಟ್ಟಿ ಕೊಡುತ್ತಾರೆ, ಎಂಟು ದಿನ ಕೆಡದಂಥ ರೊಟ್ಟಿ, ಶೇಂಗಾ ಚಟ್ನಿಪುಡಿ. ವಾಪಸ್ ಬರುವವರಿಗೆ ಯಾರೂ ಕೆಂಪು ಬಟ್ಟೆಯಲ್ಲಿ ಕಟ್ಟುವುದಿಲ್ಲ.

ನನ್ನ ಹೆಂಡತಿ ದಾಕ್ಷಾಯಿಣಿ. ಶೆಡ್ಡಿನ ಪಕ್ಕದಲ್ಲೇ ಅವಳ ಕನ್ನಡಕದ ಅಂಗಡಿ. ಸದಾ ಮುಖಕ್ಕೆ ಧೂಳು ಹೊಡೆಯುವ ಊರಲ್ಲಿ ಕನ್ನಡಕವಿಲ್ಲದ ಮೂಗು ಸಿಗುವುದು ಅಪರೂಪ, ವ್ಯಾಪಾರಕ್ಕೆ ತೊಂದರೆ ಇರಲಿಲ್ಲ. ಆದರೆ ಗಾಜು ಅರೆಯುವವರು ಇದ್ದದ್ದು ಆ ಮುಂದಿನ ಊರಲ್ಲಿ. ಮೊದಲು ರುದ್ರೇಶಿಯ ಬಸ್ಸಿಗೆ ಕಾಯುತ್ತಿದ್ದಳು. ಒಂದು ವರ್ಷ ಎಂಟು ತಿಂಗಳು ಊರಲ್ಲಿ ಒಂದೂ ಮದುವೆ ಆಗಲಿಲ್ಲ, ಜನ ಕುರುಡರ ಹಾಗೆ ತಡವರಿಸಿದರು. ಆಗ ಅವಳೇ, "ನಂಗೊಂದು ಗಾಡಿ ಮಾಡ್ಕೊಡ್ರೀ" ಎಂದಳು. ಹಳೆಯದೊಂದು ದೊಡ್ಡ ಗಾಡಿ ತಂದು, ಎಂಜಿನ್ ಬಿಚ್ಚಿ ಕಟ್ಟಿ, ಅವಳ ಎತ್ತರಕ್ಕೆ ಸೀಟು ತಗ್ಗಿಸಿ ಕೊಟ್ಟೆ. ಆಕ್ಸಿಲೇಟರನ್ನು ಹಸುಗೂಸಿನ ಕೈ ಹಿಡಿದ ಹಾಗೆ ಹಿಡಿಯಬೇಕು ಎಂದು ಕಲಿಸಿದೆ. ಮೊಣಕೈ ಒಳಗೆ, ಗಲ್ಲ ಟ್ಯಾಂಕಿನ ಮೇಲೆ, ವೇಗ ನಲವತ್ತೈದು. ಬ್ಯಾಗು ಪಕ್ಕಕ್ಕೆ ಜೋತು ಹಾಕಬಾರದು, ಬೆನ್ನ ಹಿಂದೆ ಬೆನ್ನಿನಷ್ಟೇ ಅಗಲಕ್ಕೆ ಕಟ್ಟಬೇಕು, ಇಲ್ಲದಿದ್ದರೆ ಗಾಳಿಗೆ ಕೈಗೊಂದು ಹಿಡಿ ಸಿಕ್ಕಿದ ಹಾಗೆ. ನನ್ನ ಇಪ್ಪತ್ತೇಳು ವರ್ಷದಲ್ಲಿ ಅವಳಷ್ಟು ಚೆನ್ನಾಗಿ ಓಡಿಸಿದವರು ಇಬ್ಬರೋ ಮೂವರೋ. ಇದನ್ನು ಅವಳಿಗೆ ಹೇಳಿರಲಿಲ್ಲ.

ಮೂರು ವರ್ಷ ತಿಂಗಳಿಗೊಮ್ಮೆ ಹೋಗಿ ಬಂದಳು. ಪ್ರತಿ ಸಲವೂ ಬಾಟಲಿ ಹಿಡಿದೆ, ಪ್ರತಿ ಸಲವೂ ಇಪ್ಪತ್ತು ಕಲ್ಲು. ಆ ಊರಲ್ಲಿ ಅವಳ ಅಕ್ಕ ಇದ್ದಾಳೆ. ಮಕ್ಕಳಿಲ್ಲದ ನಮ್ಮಿಬ್ಬರನ್ನೂ ಅಲ್ಲಿಗೇ ಬಂದುಬಿಡಿ ಎಂದು ಕಾಗದ ಬರೆದು ಕರೆಯುತ್ತಿದ್ದಳು. ನಾನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ದಾಕ್ಷಿಗೆ ಸಿಟ್ಟು ಬಂತು.

"ಅಲ್ಲಿ ಗಾಳಿ ಯಾವ ಕಡೆಯಿಂದ ಬೇಕಾದ್ರೂ ಬರುತ್ತೆ ಕಣ್ರೀ. ಅಲ್ಲಿ ಗಂಡ ಹೆಂಡ್ತಿ ನಡ್ಕೊಂಡು ಹೋಗ್ತಾ ಮಾತಾಡ್ತಾರೆ. ನಾನು ಕಣ್ಣಾರೆ ನೋಡಿದೀನಿ."

"ಏನ್ ಮಾತಾಡ್ತಾರೆ?"

"ಏನೋ ಒಂದು. ಬದ್ನೆಕಾಯಿ ರೇಟು. ನಂಗೆ ಅದೂ ಸಾಕು."

ನಾನು ಸಾರು ಹಾಕು ಎಂದೆ. ಅವಳು ಹಾಕಿದಳು. ಇದಾಗಿ ಹದಿನೈದು ದಿನಕ್ಕೆ ಅವಳ ತಿಂಗಳ ಪ್ರಯಾಣ ಬಂತು.

ಮಂಗಳವಾರ ಸಂಜೆ ಬಾಟಲಿ ಹಿಡಿಯಲು ಗಾಡಿ ಹೊರಗೆ ತಂದಾಗ ಒಂದು ಬ್ಯಾಗಿನ ಬದಲು ಎರಡು ಬ್ಯಾಗು ಕಟ್ಟಿದ್ದಳು. ಒಂಬತ್ತು ಕೆಜಿ ಹೆಚ್ಚು. ಎರಡನೆಯದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಭಾರ ಹೆಚ್ಚಾದ್ದರಿಂದ ಅರ್ಧ ಕಲ್ಲು ಕಡಿಮೆ ಬರಬಹುದು ಎಂದು ಮನಸ್ಸಲ್ಲೇ ಅಂದುಕೊಂಡು ಹಿಂದೆ ಕೂತೆ. ಮೊದಲ ಕಲ್ಲು ದಾಟುವಷ್ಟರಲ್ಲೇ ಗೊತ್ತಾಯಿತು. ಗಾಡಿಯ ಓಟಕ್ಕೆ ಏಳುವ ಗಾಳಿ ಬಿಟ್ಟರೆ ಬೇರೆ ಗಾಳಿ ಇರಲಿಲ್ಲ. ಕಿವಿಯಲ್ಲಿ ಎಂಜಿನ್ನಿನ ಸದ್ದು ಅಷ್ಟು ಸ್ಪಷ್ಟವಾಗಿ ನಾನು ಎಂದೂ ಕೇಳಿರಲಿಲ್ಲ. ಅವಳ ಬೆನ್ನು ಒಂದು ಸಲ ಸೆಟೆದುಕೊಂಡಿತು. ಅವಳಿಗೂ ಗೊತ್ತಾಗಿದೆ ಎಂದುಕೊಂಡೆ. ಇಪ್ಪತ್ತನೆಯ ಕಲ್ಲು ಹೋಯಿತು, ಮೂವತ್ತು ಹೋಯಿತು, ಬಾಟಲಿಯಲ್ಲಿ ಇನ್ನೂ ಬೆರಳಷ್ಟು ಇತ್ತು. ಗಾಡಿ ನಿಂತದ್ದು ಮೂವತ್ತೆಂಟನೆಯ ಕಲ್ಲಿಗೆ. ನನ್ನ ತೂಕಕ್ಕೆ ಎರಡು, ನಲವತ್ತು.

"ಮುಗೀತಾ?" ಎಂದಳು.

"ಮುಗೀತು."

ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಕಲ್ಲನ್ನು ಮಾತ್ರ ನೋಡಿದೆ. ನಲ್ಲಿ ತಿರುಗಿಸಿ ಗಾಡಿಯನ್ನು ಮನೆ ಕಡೆ ತಿರುಗಿಸಿದ ಕೂಡಲೇ ಗಾಳಿ ಎಂದಿನಂತೆ ಇಬ್ಬರ ಮುಖಕ್ಕೂ ಹೊಡೆಯಿತು, ಮಾತಾಡದಿರಲು ಅದೊಂದು ನೆಪವಾಯಿತು.

ಆ ರಾತ್ರಿ ನನಗೆ ಆದದ್ದು ದುಃಖ ಎಂದು ಹೇಳಿದರೆ ಸುಳ್ಳಾಗುತ್ತದೆ. ದುಃಖ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದು, ನಾನೇ ಕಟ್ಟಿಕೊಟ್ಟ ಗಾಡಿಯಲ್ಲಿ, ನಾನೇ ಕಲಿಸಿದ ಹಾಗೆ ಓಡಿಸಿಕೊಂಡು ಹೋಗಿಬಿಡುತ್ತಾಳಲ್ಲ ಎಂದು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಎರಡನೆಯ ಬ್ಯಾಗು ಹಳದಿ, ಅಕ್ಕನ ಕಾಗದ ಹಳದಿ, ಬದನೆಕಾಯಿ ರೇಟೂ ಹಳದಿ. ಬೆಳಗಿನ ಜಾವ ರೊಟ್ಟಿ ತಟ್ಟುವ ಸದ್ದಿಗೆ ಎಚ್ಚರವಾಯಿತು. ಅಡುಗೆಮನೆಯ ಬಾಗಿಲಲ್ಲಿ ಇಣುಕಿದರೆ ಅವಳು ಕೆಂಪು ಬಟ್ಟೆ ಹಾಸಿ ರೊಟ್ಟಿ ಪೇರಿಸುತ್ತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬೇರೆಯವರಿಗೆ ಮನೆಯವರು ಬುತ್ತಿ ಕಟ್ಟುತ್ತಾರೆ, ಇವಳು ತನ್ನ ಬುತ್ತಿ ತಾನೇ ಕಟ್ಟಿಕೊಳ್ಳುತ್ತಿದ್ದಾಳೆ ಎಂದುಕೊಂಡು ಸದ್ದಿಲ್ಲದೆ ಹಿಂದೆ ಸರಿದೆ.

ಚೀಟಿ ಬರೆದು ಬಂಕಿಗೆ ಕಳಿಸಿದರೆ ಹತ್ತು ನಿಮಿಷದಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ. ಮೆಕ್ಯಾನಿಕ್ ಪಾಲಾಕ್ಷನ ಹೆಂಡತಿ ಹನ್ನೊಂದು ಲೀಟರಲ್ಲಿ ಹೋದಳು ಎಂದು ಆಡಿಕೊಳ್ಳುತ್ತಾರೆ. ಹಾಗಾಗಿ ಶೆಡ್ಡಿನಲ್ಲಿಟ್ಟಿದ್ದ ಪೆಟ್ರೋಲಿನ ಡ್ರಮ್ಮಿನಿಂದ ನಾನೇ ಅಳೆದೆ. ಲೀಟರಿನ ಅಳತೆಯಲ್ಲಿ ಹನ್ನೊಂದು ಸಲ, ಕಣ್ಣಮಟ್ಟಕ್ಕೆ ಹಿಡಿದು, ನೊರೆ ಇಳಿಯುವವರೆಗೆ ಕಾದು. ಹೋಗುವವಳಿಗೆ ಎಷ್ಟು ಬೇಕೋ ಅಷ್ಟು, ಲೆಕ್ಕ ಎಂದರೆ ಲೆಕ್ಕ ಎಂದು ನನಗೆ ನಾನೇ ಹೇಳಿಕೊಂಡೆ. ಡ್ರಮ್ಮಿನಲ್ಲಿ ಇನ್ನೂ ಮೂವತ್ತು ಲೀಟರಿತ್ತು. ತುಂಬಿಸಿ ಕಳಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ತುಂಬಿಸಲಿಲ್ಲ, ಹೊಟ್ಟೆಕಿಚ್ಚಿಗೆ ತುಂಬಿಸಲಿಲ್ಲ.

ಆರು ಗಂಟೆಗೆ ನನ್ನ ಹಳೆಯ ಕೋಟು ತೊಟ್ಟು, ಗುಂಡಿಯೆಲ್ಲ ಹಾಕಿಕೊಂಡು ಬಂದಳು. ಸ್ಟ್ಯಾಂಡ್ ತೆಗೆದು ಗಾಡಿಯನ್ನು ಒಂದು ಸಲ ಆ ಕಡೆ ಈ ಕಡೆ ವಾಲಿಸಿದಳು. ಹತ್ತಿ ಕೂತವಳು ಗಾಡಿ ಸ್ಟಾರ್ಟ್ ಮಾಡಲಿಲ್ಲ.

"ಹೋಗ್ಬರ್ತೀನಿ."

"ಹ್ಞೂಂ."

"ಏನಾದ್ರೂ ಹೇಳೋದಿದ್ಯಾ?"

"ಅರವತ್ತು ದಾಟ್ಬೇಡ."

"ಬೇರೆ?"

"ಚೈನಿಗೆ ಎಣ್ಣೆ ಬಿಟ್ಟಿದೀನಿ."

ಅವಳು ಕೋಟಿನ ಕಾಲರ್ ಎತ್ತಿಕೊಂಡಳು. ಆಮೇಲೆ ಕಿಕ್ ಹೊಡೆದು ಹೋದಳು. ತಿರುವಿನವರೆಗೂ ನೋಡಬಾರದು ಎಂದುಕೊಂಡೆ, ಒಳಗೆ ಹೋಗಿ ಯಾರದೋ ಗಾಡಿಯ ಪ್ಲಗ್ಗು ಬಿಚ್ಚಿ ಉಜ್ಜುತ್ತಾ ಕೂತೆ. ಉಜ್ಜಿ ಉಜ್ಜಿ ಅದು ಹೊಸದರ ಹಾಗೆ ಹೊಳೆಯುತ್ತಿತ್ತು. ಕಣ್ಣಲ್ಲಿ ನೀರು ಬಂತು. ಪೆಟ್ರೋಲಿನ ಘಾಟಿಗೆ ಎಂದು ಹೇಳೋಣ ಎಂದರೆ ಹೇಳಲು ಎದುರಿಗೆ ಯಾರೂ ಇರಲಿಲ್ಲ.

ಒಂಬತ್ತು ಗಂಟೆಗೆ ಹಯಾತ್ ಸಾಬ್ ಬಂದ. ಊರ ಗಡಿಯಲ್ಲಿ ಚಕ್ರಗಳಿಗೆ ಗಾಳಿ ಹೊಡೆಯುವ ಅಂಗಡಿ ಅವನದು. ಹೊರಗೆ ಹೋಗುವವರೆಲ್ಲ ಅಲ್ಲಿ ನಿಂತು, ಚಕ್ರ ತಣ್ಣಗಿರುವಾಗಲೇ ಎರಡು ಪಾಯಿಂಟ್ ಹೆಚ್ಚು ಗಾಳಿ ಹಾಕಿಸಿಕೊಂಡು ಹೋಗುತ್ತಾರೆ. ಅವನಿಗೆ ವಾಲ್ವಿನ ಪಿನ್ನು ಬೇಕಿತ್ತು. ನಾನು ಹಿಡಿದ ಡಬ್ಬಿಯಲ್ಲಿ ಹುಡುಕುತ್ತಾ ಮಾತಿಗೆ ಮಾತು ಎಂಬಂತೆ ಹೇಳಿದ.

"ಅಕ್ಕಂಗೆ ಇವತ್ತು ಏನ್ ಗಾಳಿ ಅಂತೀಯ ಪಾಲಣ್ಣ. ಗಡಿ ಕಲ್ಲು ದಾಟೋಕೇ ಎರಡನೇ ಗೇರ್ ಬೇಕಾಯ್ತು. ಟ್ಯಾಂಕಿಗೆ ಗಲ್ಲ ಕೊಟ್ಟು ಮಲಗಿಬಿಡ್ತು ಪಾಪ."

"ಯಾರಿಗೆ?"

"ದಾಕ್ಷಿ ಅಕ್ಕಂಗೆ. ನಿನ್ ಹೆಂಡ್ತಿಗೆ. ಯಾಕ್ ಹಂಗ್ ನೋಡ್ತೀಯ?"

ಗಾಳಿ ಇದೆ ಎಂದರೆ ಅವಳು ವಾಪಸ್ ಬರುವವಳು. ಬರುವವಳಿಗೆ ಲೀಟರಿಗೆ ಇಪ್ಪತ್ತು ಕಿಲೋಮೀಟರು. ಹನ್ನೊಂದು ಲೀಟರು, ಇನ್ನೂರ ಇಪ್ಪತ್ತು ಕಿಲೋಮೀಟರು. ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ ಅನ್ನುವಂಥ ಕಡೆ,  ಮುಂದಿನ ಮದುವೆಯವರೆಗೆ ಒಂದು ಬಸ್ಸೂ ಹಾಯದ ರಸ್ತೆಯಲ್ಲಿ ಅವಳು ನಿಲ್ಲುತ್ತಾಳೆ. ನೀರು ಒಂದೇ ಬಾಟಲಿ ಒಯ್ಯುತ್ತಾಳೆ. ಭಾರ ಹೆಚ್ಚಾಗುತ್ತದೆ, ಒಂದೇ ಸಾಕು ಎಂದು ಕಲಿಸಿದವನೂ ನಾನೇ. ಕೈಯಲ್ಲಿದ್ದ ಪಿನ್ನಿನ ಡಬ್ಬಿ ಕೆಳಗೆ ಬಿತ್ತು. ಹಯಾತ್ ಪಿನ್ನು ಆರಿಸುತ್ತಿದ್ದ, ನಾನು ಹತ್ತು ಲೀಟರಿನ ಕ್ಯಾನು ತುಂಬಿಸಿ, ಐದು ಬಾಟಲಿ ನೀರು ಕಟ್ಟಿ, ಶೆಡ್ಡಿನ ಹಿಂದೆ ನಿಲ್ಲಿಸಿದ್ದ ನನ್ನ ಹಳೆಯ ಗಾಡಿಯ ಹತ್ತಿರ ಓಡಿದೆ. ಅದರ ಟ್ಯಾಂಕು ಹದಿನಾಲ್ಕು ಲೀಟರಿನದು, ಕತ್ತಿನವರೆಗೆ ತುಂಬಿಸಿದೆ. ಹ್ಯಾಂಡಲ್ಲಿಗೆ ಕೈ ಹಾಕಿದಾಗ ನೋಡಿದೆ. ಕೆಂಪು ಬಟ್ಟೆಯ ಬುತ್ತಿ ಅಲ್ಲಿ ನೇತುಹಾಕಿತ್ತು. ನನ್ನ ಗಾಡಿಯ ಹ್ಯಾಂಡಲ್ಲಿಗೆ.

ಅದು ಯಾಕೆ ಅಲ್ಲಿದೆ ಎಂದು ಯೋಚಿಸುವಷ್ಟು ವ್ಯವಧಾನ ಇರಲಿಲ್ಲ. ಗಡಿ ಕಲ್ಲಿನ ಹತ್ತಿರ ಅಭ್ಯಾಸದಂತೆ ತಲೆ ಬಗ್ಗಿಸಿ, ಮೊಣಕೈ ಒಳಗೆಳೆದುಕೊಂಡು, ಗಾಳಿ ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ. ಸ್ವಲ್ಪ ಮುಂದೆ ಹೊಡೆದೀತು ಎಂದುಕೊಂಡೆ. ಹತ್ತು ಕಿಲೋಮೀಟರ್ ಹೋದರೂ ಇಲ್ಲ. ಕೊನೆಗೆ ತಲೆಯೆತ್ತಿ ನೆಟ್ಟಗೆ ಕೂತೆ. ಆಕ್ಸಿಲೇಟರ್ ತಿರುಗಿಸಿ ಅರವತ್ತು ಮುಟ್ಟಿದರೂ ಎಂಜಿನ್ನು ಹಾಯಾಗಿ ಗುನುಗುತ್ತಿತ್ತು. ಆಗ ಬಾಟಲಿ ಹಿಡಿದ ಸಂಜೆ ನೆನಪಾಯಿತು. ಗಾಡಿಯ ಮೇಲೆ ಇದ್ದವರು ಇಬ್ಬರು. ಒಬ್ಬರಿದ್ದರೆ ಸಾಕು, ಜೊತೆಗಿದ್ದವರಿಗೂ ಗಾಳಿ ಬಿಡುತ್ತದೆ ಎಂದು ರುದ್ರೇಶಿಯ ಬಸ್ಸಿನ ಕ್ಲೀನರಿಗೂ ಗೊತ್ತು. ಇಪ್ಪತ್ತೇಳು ವರ್ಷ ಎರಡು ಕಲ್ಲು ಸೇರಿಸಿ ಸೇರಿಸಿ ನಾನು ಅಲ್ಲಿ ಇಲ್ಲವೇ ಇಲ್ಲ ಎಂದು ನಂಬಿಬಿಟ್ಟಿದ್ದೆ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ. ಆ ನಲವತ್ತು ಕಲ್ಲು ಅವಳದಲ್ಲ, ನನ್ನದು.

ನಾನು ಎಲ್ಲಿಗೂ ಹೋಗಬೇಕು ಎಂದುಕೊಂಡವನಲ್ಲ. ಆ ಶೆಡ್ಡು, ಆ ಡ್ರಮ್ಮು, ಅವಳು, ಇಷ್ಟು ಬಿಟ್ಟರೆ ನನಗೆ ಬೇರೆ ಏನೂ ಇರಲಿಲ್ಲ. ದಾರಿಯುದ್ದಕ್ಕೂ ಒಮ್ಮೆ ಹೊಡಿ, ಒಂದೇ ಒಂದು ಸಲ ಮುಖಕ್ಕೆ ಹೊಡಿ ಎಂದು ಗಾಳಿಯನ್ನು ಬೇಡಿಕೊಂಡೆ. ಇಪ್ಪತ್ತೇಳು ವರ್ಷ ಶಾಪ ಹಾಕಿದ ಬಾಯಿಂದಲೇ.

ಮಧ್ಯಾಹ್ನ ಒಂದೂವರೆಗೆ ಅವಳು ಕಂಡಳು. ಕೋಟನ್ನು ಹ್ಯಾಂಡಲ್ಲಿಗೂ ಬ್ಯಾಗಿಗೂ ಕಟ್ಟಿ, ಅದರ ನೆರಳಿನಲ್ಲಿ ಕಾಲು ಮಡಚಿ ಕೂತಿದ್ದಳು. ತುಟಿ ಒಣಗಿತ್ತು. ನನ್ನನ್ನು ನೋಡಿ ಏಳಲಿಲ್ಲ.

"ನೀರಿದ್ಯಾ?"

ಕೊಟ್ಟೆ. ಒಂದು ಬಾಟಲಿ ಪೂರ್ತಿ ಕುಡಿದಳು. ಮುಖ ಒರೆಸಿಕೊಂಡಳು.

"ಎಷ್ಟು ಹಾಕಿದ್ರಿ?"

"ಹನ್ನೊಂದು."

"ಹನ್ನೊಂದು" ಎಂದು ಅವಳೂ ಹೇಳಿದಳು. "ಬೆಳಿಗ್ಗೆ ಗಾಡಿ ವಾಲಿಸ್ದಾಗ್ಲೇ ಟ್ಯಾಂಕ್ ಹಗುರ ಅನ್ನಿಸ್ತು. ಮುಚ್ಚಳ ಬಿಚ್ಚಿ ನೋಡೋಣ ಅನ್ಕೊಂಡೆ. ನೀವು ತುಂಬ್ಸಿದ್ದಲ್ವಾ ಅಂತ ಸುಮ್ನಾದೆ."

ನಾನು ಕ್ಯಾನು ಬಿಚ್ಚಿ ಅವಳ ಟ್ಯಾಂಕಿಗೆ ಸುರಿಯತೊಡಗಿದೆ. ಅವಳು ಎದ್ದು ಬಂದು ನನ್ನ ಗಾಡಿಯ ಮುಚ್ಚಳ ಬಿಚ್ಚಿದಳು. ಒಳಗೆ ನೋಡಿ, ಗಾಡಿಯನ್ನು ವಾಲಿಸಿ ಸದ್ದು ಕೇಳಿದಳು.

"ಅರ್ಧದ ಮೇಲಿದೆ" ಎಂದಳು. "ನಿಮಗೆ ಗಾಳಿ ಇರ್ಲಿಲ್ಲ."

"ಇರ್ಲಿಲ್ಲ."

"ನಿನ್ನೆ ಸಂಜೇನೇ ಗೊತ್ತಾಯ್ತು ನಂಗೆ. ನಾನು ವಾಪಸ್ ಬರೋಳು ಅಂತ ನಂಗೆ ಗೊತ್ತಿತ್ತಲ್ಲ. ಗಾಡಿ ಮೇಲೆ ಇನ್ನೊಬ್ರು ಅಂದ್ರೆ ನೀವೇ. ಈ ಮನುಷ್ಯ ಎಲ್ಲಿಗೆ ಹೋಗ್ತಾನಪ್ಪ, ಯಾಕೆ ಹೋಗ್ತಾನೆ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ನಾನು ತಿರುಗಿ ಬರೋಷ್ಟರಲ್ಲಿ ಹೊರಟೋಗಿರ್ತೀರೇನೋ, ದಾರೀಲಿ ಹಸಿವಾಗುತ್ತೆ ಅಂತ ರೊಟ್ಟಿ ತಟ್ಟಿ ನಿಮ್ ಗಾಡಿಗೆ ಕಟ್ಟಿದೆ."

ಹ್ಯಾಂಡಲ್ಲಿನಲ್ಲಿ ಬುತ್ತಿ ಇನ್ನೂ ತೂಗುತ್ತಿತ್ತು. ನಾನು ಅದರ ಕಡೆ ನೋಡಲಾರದೆ ಹೋದೆ.

"ನೀನು ಒಂದ್ ಮಾತು ಕೇಳ್ಬಹುದಾಗಿತ್ತಲ್ಲ ದಾಕ್ಷಿ."

"ಕೇಳ್ದೆ. ಏನಾದ್ರೂ ಹೇಳೋದಿದ್ಯಾ ಅಂತ ಗಾಡಿ ಮೇಲೆ ಕೂತು ಕೇಳ್ದೆ. ಅರವತ್ತು ದಾಟ್ಬೇಡ ಅಂದ್ರಿ."

ನಾನು ಅತ್ತೆ. ಅವ್ವ ಸತ್ತಾಗ ಅತ್ತಿದ್ದೆ, ಅದಾದ ಮೇಲೆ ಇದೇ. ಅವಳು ಅಳಬೇಡಿ ಎನ್ನಲಿಲ್ಲ, ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು ಚಟ್ನಿಪುಡಿ ಹಚ್ಚಿ ನನ್ನ ಕೈಗೂ ಒಂದು ಕೊಟ್ಟಳು. ರಸ್ತೆಯ ಪಕ್ಕ ಕೂತು ತಿಂದೆವು. ಎರಡನೆಯ ಬ್ಯಾಗಿನ ಬಾಯಿ ಅರ್ಧ ತೆರೆದಿತ್ತು. ಅದರ ತುಂಬ ಪೇಪರಲ್ಲಿ ಸುತ್ತಿದ ಕನ್ನಡಕದ ಕಟ್ಟುಗಳು, ಶಾಲೆಯ ಮಕ್ಕಳವು, ಒಂದೊಂದಕ್ಕೂ ಹೆಸರು ಬರೆದು ದಾರದಲ್ಲಿ ಕಟ್ಟಿದ್ದಳು.

"ನಾನು ಹೋಗೋನಲ್ಲ" ಎಂದೆ. "ಹೋಗ್ಬೇಕು ಅಂತ ಕನಸಲ್ಲೂ ಅನ್ಕೊಂಡಿಲ್ಲ. ಬಾಟ್ಲಿ ನೋಡಿ ನೀನೇ ಹೋಗ್ತೀಯ ಅನ್ಕೊಂಡೆ."

"ಹೋಗೋಳು ಅಂತ ಅಳೆದು ಹಾಕಿದ್ರಾ?"

"ಹ್ಞೂಂ."

ಅವಳು ಕೈಯಲ್ಲಿದ್ದ ರೊಟ್ಟಿ ಮುಗಿಸಿದಳು. ಬಟ್ಟೆಯ ಮೇಲಿನ ಪುಡಿ ಕೊಡವಿ, ಮಡಚಿ, ಉಳಿದದ್ದನ್ನು ಮತ್ತೆ ಕಟ್ಟಿ ನನ್ನ ಗಾಡಿಗೇ ನೇತುಹಾಕಿದಳು.

"ನಾನು ಹೋಗೋಳೇ ಆಗಿದ್ರೂ ತುಂಬ್ಸಿ ಕಳಿಸ್ಬೇಕಾಗಿತ್ತು ನೀವು" ಎಂದಳು.

ಆಮೇಲೆ ಕೋಟು ತೊಟ್ಟಳು, ಗುಂಡಿಯೆಲ್ಲ ಹಾಕಿದಳು. ಬ್ಯಾಗಿನ ಹಗ್ಗ ಎಳೆದು ನೋಡಿದಳು. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಗಿರಾಕಿಗೆ ಕನ್ನಡಕ ಯಾವತ್ತು ಸಿಗುತ್ತದೆ ಎಂದು ಹೇಳುವ ದನಿಯಲ್ಲಿ ಹೇಳಿದಳು.

"ಶನಿವಾರ ನಾನು ಊರಿಗೆ ವಾಪಸ್ ಹೋಗ್ತೀನಿ. ಒಬ್ಳೇ ಹೋಗ್ತೀನಿ. ನೀವು ಬರ್ಬೇಡಿ."

ಆಗ ನನಗೆ ಗಾಳಿ ಯಾಕೆ ದಾರಿ ಬಿಟ್ಟಿತು ಎಂದು ಅರ್ಥವಾಯಿತು. ನಾನಾಗಿ ಬಿಟ್ಟು ಹೋಗುವವನಲ್ಲ, ಅವಳು ಬರಬೇಡ ಎಂದದ್ದಕ್ಕೆ ಊರು ಬಿಡುವವನು. ಆ ಸಂಜೆ ಬಾಟಲಿ ಹಿಡಿಯದೇ ಇದ್ದಿದ್ದರೆ ಹನ್ನೊಂದು ಅಳೆಯುತ್ತಿರಲಿಲ್ಲ, ಹನ್ನೊಂದು ಅಳೆಯದಿದ್ದರೆ ಅವಳು ಈ ಮಾತು ಆಡುತ್ತಿರಲಿಲ್ಲ ಎಂದು ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದೇನೆ. ಪ್ರಯೋಜನವಿಲ್ಲ. ಮಾಡಿದ್ದುಣ್ಣೋ ಮಹರಾಯ. ಅವಳು ಗಾಳಿಗೆ ತಲೆ ಕೊಟ್ಟು, ಟ್ಯಾಂಕಿನ ಮೇಲೆ ಮಲಗಿ, ನಲವತ್ತೈದರ ವೇಗದಲ್ಲಿ ಮುಂದೆ ಹೋದಳು. ನಾನು ನೆಟ್ಟಗೆ ಕೂತು ಅವಳ ಹಿಂದೆ ಹೋದೆ. ಹತ್ತಿರ ಹೋಗಲಿಲ್ಲ, ನನ್ನ ಜೊತೆಗೆ ಬಂದರೆ ಅವಳಿಗೂ ಗಾಳಿ ಬಿಡುತ್ತಿತ್ತೋ ಏನೋ, ಅಷ್ಟು ಸಹಾಯವನ್ನೂ ಅವಳು ಕೇಳಲಿಲ್ಲ.

ಅದಾಗಿ ಎರಡು ವರ್ಷ. ದಾಕ್ಷಿಯ ಅಕ್ಕನಿರುವ ಈ ಊರಿನ ಸಂತೆ ಬೀದಿಯಲ್ಲಿ ಒಂದು ಶೆಡ್ಡು ಹಿಡಿದಿದ್ದೇನೆ. ಇಲ್ಲಿ ಗಾಳಿ ಇಷ್ಟ ಬಂದ ಕಡೆಯಿಂದ ಬರುತ್ತದೆ, ಜನ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಎಂಬತ್ತರಲ್ಲಿ ಓಡಿಸಿ ಬಂದು ಗಾಡಿ ಎಷ್ಟು ಕೊಡುತ್ತದೆ ಎಂದು ಕೇಳುತ್ತಾರೆ. ಬೈಯುತ್ತೇನೆ. ಪಕ್ಕದ ಅಂಗಡಿಯವನ ಜೊತೆ ಟೀಗೆ ಹೋಗುವಾಗ ನಡೆಯುತ್ತ ಮಾತಾಡುವುದನ್ನು ಕಲಿತಿದ್ದೇನೆ. ಹೆಚ್ಚಿಗೆ ಏನಿಲ್ಲ, ತರಕಾರಿ ರೇಟು ಅದೂ ಇದೂ.

ದಾಕ್ಷಿ ತಿಂಗಳಿಗೊಮ್ಮೆ ಗಾಜು ಅರೆಸಲು ಬರುತ್ತಾಳೆ, ಅಕ್ಕನ ಮನೆಯಲ್ಲಿ ಉಳಿಯುತ್ತಾಳೆ. ಮೊದಲ ನಾಲ್ಕು ತಿಂಗಳು ನನ್ನ ಬೀದಿಗೇ ಬರಲಿಲ್ಲ. ಐದನೆಯ ತಿಂಗಳು ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿ, "ಚೈನ್ ಸಡ್ಲಾಗಿದೆ" ಎಂದಳು. ಈ ಊರಲ್ಲಿ ಆ ಗಾಡಿಯ ಮೈ ಗೊತ್ತಿರುವವರು ಬೇರೆ ಯಾರೂ ಇಲ್ಲ. ಚೈನು ಬಿಗಿ ಮಾಡಿದೆ, ಚಕ್ರ ಕೈಯಲ್ಲಿ ತಿರುಗಿಸಿ ಬ್ರೇಕು ಚಕ್ರಕ್ಕೆ ತಾಗಿ ಎಳೆಯುತ್ತಿಲ್ಲವಲ್ಲ ಎಂದು ನೋಡಿದೆ, ಏರ್ ಫಿಲ್ಟರ್ ತೊಳೆದೆ. ಅಂದಿನಿಂದ ಪ್ರತಿ ತಿಂಗಳೂ ತರುತ್ತಾಳೆ. ಹಯಾತ್ ಸಾಬನ ಸುದ್ದಿ ಹೇಳುತ್ತಾಳೆ, ರುದ್ರೇಶಿಯ ಬಸ್ಸು ಯಾವಾಗ ಹೋಯಿತು ಎಂದು ಹೇಳುತ್ತಾಳೆ. ನಾನು ಈಗ ಕೇಳುತ್ತೇನೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ. ವಾಪಸ್ ಬನ್ನಿ ಎಂದು ಹೇಳಿಲ್ಲ, ನಾನೂ ಕೇಳಿಲ್ಲ.

"ಬಾಟ್ಲಿ ಹಿಡಿಯಲ್ವಾ?" ಎಂದು ಒಮ್ಮೆ ಕೇಳಿದಳು.

"ಬೇಡ" ಎಂದೆ.

ಬಾಟಲಿಯನ್ನು ನಾನು ಇಲ್ಲಿಗೆ ಬಂದ ವಾರವೇ ಎಸೆದೆ. ಅವಳು ಹೊರಡುವ ದಿನ ಗಾಡಿಯನ್ನು ನಾನೇ ಬಂಕಿಗೆ ತಳ್ಳಿಕೊಂಡು ಹೋಗಿ ಇಪ್ಪತ್ತು ಲೀಟರೂ ತುಂಬಿಸಿಕೊಂಡು ಬರುತ್ತೇನೆ. ಅವಳು ಕೋಟು ತೊಟ್ಟು ಬಂದು, ಬ್ಯಾಗಿನ ಹಗ್ಗ ಎಳೆದು ನೋಡಿ, ಹತ್ತುವ ಮುಂಚೆ ಟ್ಯಾಂಕಿನ ಮುಚ್ಚಳ ಬಿಚ್ಚುತ್ತಾಳೆ. ಬಗ್ಗಿ ಒಳಗೆ ನೋಡುತ್ತಾಳೆ. ಪ್ರತಿ ಸಲವೂ ನೋಡುತ್ತಾಳೆ. ನಾನು ಬೆಳಕು ಬೀಳಲಿ ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತೇನೆ.